ಗುಲಗಂಜಿಯ ಟ್ರೆಮರ್

೨೦೧೪ರ ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ಐದು ನಿಮಿಷಕ್ಕೆ ತಕ್ಕಡಿ ಕಾರ್ಖಾನೆಯ ಗೋಡೆಗೆ ಒಂದು ನೋಟೀಸು ಬಿತ್ತು. ಮಧ್ಯಾಹ್ನ ಮೂರಕ್ಕೆ ಡಾಕ್ಟರು ಬರುತ್ತಾರೆ. ಕೈಯಲ್ಲಿ ‘ಟ್ರೆಮರ್’ ಇದ್ದವರು ಇಂದೇ ಪ್ಯಾಕಿಂಗ್ ವಿಭಾಗಕ್ಕೆ.

ಹತ್ತೊಂಬತ್ತು ವರ್ಷಗಳಿಂದ ಮಿಲಿಗ್ರಾಂ ತೂಕದ ಬಿಲ್ಲೆಗಳನ್ನು ಚಿಮಟದಲ್ಲಿ ಹಿಡಿದು ಸರಿಪಡಿಸುತ್ತಿದ್ದವನನ್ನು ಎಲ್ಲರೂ ಗುಲಗಂಜಿ ಎಂದೇ ಕರೆಯುತ್ತಿದ್ದರು. ಅವನ ಬದುಕಿನ ಹೆಮ್ಮೆಯೆಲ್ಲ ಆ ಚಿಮಟದ ತುದಿಯಲ್ಲಿತ್ತು.

“ಅಣ್ಣಾ, ಟ್ರೆಮರ್ ಅಂದ್ರೇನು?” ನೋಟೀಸು ಓದಿ ಬಂದ ಗುಲಗಂಜಿ ಕೇಳಿದ.

ಸ್ಟೋರ್ ಕೀಪರ್ ನಿಘಂಟು ತೆರೆದ. “ನಡುಕ. ಆದ್ರೆ ಚಳಿಗೆ ಗಡಗಡ ಅನ್ನೋದಕ್ಕೆ ಈ ಪದ ಬಳಸಲ್ಲ. ಇದು ಸಣ್ಣದು, ನಮ್ಮ ಮಾತು ಕೇಳದ್ದು.”

“ನನಗಿಲ್ಲ ಬಿಡಿ.”

“ಇದ್ದವರಿಗೆ ಗೊತ್ತಾಗೋದೇ ಕೊನೆಗೆ ಕಣಯ್ಯಾ.”

ಅಷ್ಟೇ ಸಾಕಾಯಿತು. ಲೇತ್ ಯಂತ್ರದವನು ಬಂದು ಅವನ ಬೆರಳ ಮೇಲೆ ಕಾಗದವಿಟ್ಟು, ಇಲಿ ಹಿಡಿಯುವ ಬೆಕ್ಕಿನಂತೆ ಕೂತು ನೋಡಿದ. “ಸ್ವಲ್ಪ ಅಲ್ಲಾಡ್ತು ಅನ್ಸುತ್ತೆ,” ಎಂದು ಎದ್ದುಹೋದ. ಪ್ಯಾಕಿಂಗ್ ಅಕ್ಕ ಸಮಾಧಾನ ಹೇಳಲೆಂದೇ ಬಂದಳು: “ನಮ್ಮ ಕಡೆಗೇ ಬಾರಪ್ಪಾ. ರಟ್ಟಿನ ಡಬ್ಬಕ್ಕೆ ಕೈ ನಡುಗಿದ್ರೂ ನಡೆಯುತ್ತೆ.”

ಹನ್ನೆರಡಕ್ಕೆ ಚಿಮಟದಿಂದ ಬಿಲ್ಲೆಯೊಂದು ಜಾರಿ ನೆಲಕ್ಕೆ ಬಿತ್ತು. ಹತ್ತೊಂಬತ್ತು ವರ್ಷಗಳಲ್ಲಿ ಮೊದಲನೆಯದು. ಗುಲಗಂಜಿ ಊಟ ಬಿಟ್ಟು, ಎರಡೂ ಕೈಗಳನ್ನು ತೊಡೆಯಡಿ ಒತ್ತಿಕೊಂಡು ಮೂರರವರೆಗೆ ಕೂತ.

ಡಾಕ್ಟರು ಎಳೆಯ ಹುಡುಗನಂತಿದ್ದರು; ಕೆಲಸಕ್ಕೆ ಸೇರಿ ಅಂದಿಗೆ ಮೊದಲ ದಿನ. ಅವರ ಬೆನ್ನಿಗೇ ಮ್ಯಾನೇಜರು ಕೈಕಟ್ಟಿ ನಿಂತಿದ್ದರು. “ಒಬ್ಬರದು ತಪ್ಪಾದ್ರೂ ನಾಳೆ ಬೇರೆ ಡಾಕ್ಟರನ್ನ ಕರೆಸ್ತೀನಿ.”

ಗುಲಗಂಜಿ ಕೈ ಚಾಚಿದ. ಬೆರಳ ಮೇಲೆ ತೆಳುವಾದ ಕಾಗದ ಕೂತಿತು. ಅವನು ಉಸಿರು ಬಿಗಿಹಿಡಿದ. ಒಂದು ನಿಮಿಷ ಪೂರ್ತಿ ಕಾಗದ ಅಂಟಿಸಿದಂತೆ ಇತ್ತು.

“ಟ್ರೆಮರ್ ಇಲ್ಲವೇ ಇಲ್ಲ,” ಡಾಕ್ಟರ ಮುಖ ಅರಳಿತು. “ಇಂಥ ಕೈ ನಾನು ನೋಡೇ ಇಲ್ಲ.”

ಅವರು ಪೆನ್ನು ಎತ್ತಿದರು. ಫಾರಂ ಮೇಲೆ ‘ಇದೆ’, ‘ಇಲ್ಲ’ ಎಂಬ ಎರಡು ಪುಟ್ಟ ಚೌಕಗಳು. ಮ್ಯಾನೇಜರು ಅವರ ಭುಜದ ಮೇಲಿಂದ ಬಗ್ಗಿದರು. ಪೆನ್ನಿನ ಮೊನೆ ಗಾಳಿಯಲ್ಲೇ ಸಣ್ಣಗೆ ಕುಣಿಯಿತು, ಆಮೇಲೆ ಇಳಿಯಿತು. ಡಾಕ್ಟರು ಗುರುತು ಬಿದ್ದ ಚೌಕ ನೋಡಿದರು, ಬಾಯಿ ತೆರೆದರು, ಮ್ಯಾನೇಜರ ಮುಖ ಕಂಡು ಮುಚ್ಚಿಕೊಂಡರು.

“ಸಾರ್, ಗುರುತು...” ಗುಲಗಂಜಿ ತೊದಲಿದ.

“ಕೇಳಿ, ದನಿಯಲ್ಲೂ ಇದೆ,” ಎಂದು ಮ್ಯಾನೇಜರು ಫಾರಂಗೆ ಮೊಹರು ಒತ್ತಿದರು.

ನಾಲ್ಕು ಗಂಟೆಗೆ ರಟ್ಟಿನ ಡಬ್ಬಗಳ ನಡುವೆ ಕೂತು ಗುಲಗಂಜಿ ಫಾರಂನ ತನ್ನ ಪ್ರತಿಯ ಮೇಲೆ ಉಕ್ಕಿನ ಅಳತೆಪಟ್ಟಿ ಇಟ್ಟ. ಡಾಕ್ಟರ ಗುರುತು ‘ಇಲ್ಲ’ದಿಂದ ‘ಇದೆ’ಗೆ ಸರಿದಿದ್ದ ದೂರ ನಾಲ್ಕು ಮಿಲಿಮೀಟರ್.