ಸುರಕ್ಷಿತ ಪ್ರಯಾಣಕ್ಕೆ ಇಪ್ಪತ್ತೊಂದು ನಿಯಮ

ಇಷ್ಟೆಲ್ಲ ಗೋಳಿಗೆ ಮೂಲ ಒಂದು ಖಾಲಿ ಕಾಲಂ. ಪರಿಶೀಲನಾ ಸಮಿತಿಯವರು ಕಾಲೇಜಿಗೆ ಕಳಿಸಿದ ಉದ್ದನೆಯ ನಮೂನೆಯಲ್ಲಿ ಅದು ನಲವತ್ತೇಳನೆಯದು: 'ವಿಮಾನ ನಿಲ್ದಾಣದಿಂದ ಕಾಲೇಜಿನ ಆವರಣಕ್ಕೆ ಬರುವವರ ಸುರಕ್ಷಿತ ಪ್ರಯಾಣಕ್ಕೆ ಲಿಖಿತ ವ್ಯವಸ್ಥೆ ಇದೆಯೆ?' ಹಿಂದಿನ ನಲವತ್ತಾರು ಕಾಲಂಗಳಿಗೆ ಪ್ರಾಂಶುಪಾಲರು ಕಣ್ಣು ಮುಚ್ಚಿಕೊಂಡು 'ಇದೆ' ಎಂದು ಬರೆಸಿದ್ದರು. ಇದೊಂದರ ಕೆಳಗೆ ಮಾತ್ರ 'ಪ್ರತಿ ಲಗತ್ತಿಸಿ' ಎಂದಿತ್ತು.

"ವ್ಯವಸ್ಥೆ ಮಾಡೋಣ ಸಾರ್. ನಮ್ಮ ಕಾಲೇಜಿನ ಕಾರೊಂದು ರಿಪೇರಿ ಮಾಡಿಸಿಬಿಟ್ರೆ..." ಎಂದ ಗುಮಾಸ್ತ.

"ವ್ಯವಸ್ಥೆ ಯಾರು ಕೇಳಿದ್ರು ರೀ? ಲಿಖಿತ ವ್ಯವಸ್ಥೆ ಕೇಳಿದಾರೆ. ಕೂತ್ಕೊಂಡು ಬರೀರಿ."

ಗುಮಾಸ್ತ ಕೂತುಕೊಂಡು ಬರೆದ. ಆ ಕಾಲೇಜಿನ ಕಚೇರಿಯಲ್ಲಿ ಅವನು ಒಂಬತ್ತು ವರ್ಷದಿಂದ ಹಂಗಾಮಿ. ಅವನ ಕುರ್ಚಿ ಮೂರು ಸಲ ಬದಲಾಗಿತ್ತು, ತಲೆಯ ಮೇಲಿನ ಫ್ಯಾನು ಎರಡು ಸಲ ಬದಲಾಗಿತ್ತು, ಅವನು ಮಾತ್ರ ಹಾಗೆಯೇ ಇದ್ದ. ಖಾಯಂ ಆದವರಿಗೆಲ್ಲ ಕೊರಳಲ್ಲಿ ತೂಗುವ ಗುರುತಿನ ಚೀಟಿ ಇತ್ತು, ಫೋಟೋ ಸಮೇತ. ಇವನಿಗೆ ಅದಿರಲಿಲ್ಲ. "ನೀವು ದಿನಾ ಕಾಲೇಜಿಗೇ ಹೋಗ್ತೀರೋ, ಇಲ್ಲ ಯಾವುದಾದ್ರೂ ಪಾರ್ಕಲ್ಲಿ ಕೂತು ಬರ್ತೀರೋ, ಕಂಡೋರ್ಯಾರು?" ಎಂದು ಹೆಂಡತಿ ಆಗಾಗ ಚುಚ್ಚುತ್ತಿದ್ದಳು.

ಮೊದಲು ಅವನು ಐದೇ ನಿಯಮ ಬರೆದ. ಪ್ರಾಂಶುಪಾಲರು ಹಾಳೆಯನ್ನು ಮಗುಚಿ ಹಿಂಬದಿ ನೋಡಿ, "ಇಷ್ಟೇನಾ? ಪಕ್ಕದ ಕಾಲೇಜಿನೋರು ಇಪ್ಪತ್ತು ಬರೆದಿದಾರಂತೆ" ಎಂದರು. ಹಾಗಾಗಿ ಅವನು ಇಪ್ಪತ್ತೊಂದು ಬರೆದ. ಮೊದಲ ಐದಕ್ಕೆ ಲೋಕದಲ್ಲಿದ್ದ ಅಪಾಯಗಳು ಸಾಕಾದವು. ಉಳಿದ ಹದಿನಾರಕ್ಕೆ ಅಪಾಯಗಳನ್ನೂ ಅವನೇ ಹುಟ್ಟಿಸಬೇಕಾಯಿತು. ಗ್ರಂಥಾಲಯದಲ್ಲಿ ಓದುವವರಿಲ್ಲದೆ ಸದಾ ಬಿಡುವಾಗಿರುತ್ತಿದ್ದ ಗ್ರಂಥಪಾಲಕಿ ಅವನ ಹೆಗಲ ಮೇಲೆ ಬಗ್ಗಿ ಉಪ್ಪುಖಾರ ಹಾಕಿದರು. "ಮೋಸಗಾರರು ತುಂಬಾ ವಿನಯದಿಂದ ಮಾತಾಡ್ತಾರೆ ಕಣ್ರೀ, ಅದನ್ನ ಹಾಕಿ. ಹಾಂ, ಬೆವರ್ತಾರೆ! ಅದನ್ನೂ ಹಾಕಿ."

"ಕೊನೇಲಿ ಒಂದು ಸಹಾಯವಾಣಿ ನಂಬರು ಬೇಕಲ್ಲ ಮೇಡಂ?"

"ನಿಮ್ಮ ಮೊಬೈಲಿಂದೇ ಹಾಕಿ. ಯಾರು ಮಾಡ್ತಾರೆ?"

ಹಳದಿ ರಟ್ಟಿನ ಕೈಪಿಡಿ ಅಚ್ಚಾಗಿ ಬಂತು. ಮುಖಪುಟದ ಮೇಲೆ 'ರಚನೆ: ಪ್ರಾಂಶುಪಾಲರು' ಎಂದಿತ್ತು.

ಮೂರು ದಿನದ ಪರಿಶೀಲನೆಗೆ ಸಮಿತಿಯ ಅಧ್ಯಕ್ಷೆ ಬರುವ ದಿನ ಬೆಳಿಗ್ಗೆ ಪ್ರಾಂಶುಪಾಲರು ಗುಮಾಸ್ತನನ್ನು ಕರೆದು ಮೇಜಿನ ಡ್ರಾಯರನ್ನು ನಾಲ್ಕು ಬೆರಳಿನಷ್ಟು ಎಳೆದರು. ಒಳಗೆ ಒಂದು ಕಾಗದ ಕಾಣಿಸಿತು. "ನಿಮ್ಮ ಖಾಯಂ ಆದೇಶ. ಟೈಪ್ ಆಗಿದೆ, ಸಹಿ ಒಂದು ಬಾಕಿ. ಅಧ್ಯಕ್ಷೆ ಹತ್ತೂವರೆಗೆ ಇಳೀತಾರೆ. ಅವರನ್ನ ಕ್ಷೇಮವಾಗಿ ತಂದು ಈ ಕುರ್ಚಿ ಮೇಲೆ ಕೂರಿಸಿ, ನಾಲ್ಕು ಗಂಟೆಗೆ ನಿಮ್ಮ ಕಾಗದ ತಗೊಂಡು ಮನೆಗೆ ಹೋಗಿ." ಡ್ರಾಯರು ಮತ್ತೆ ಒಳಗೆ ಹೋಯಿತು.

"ಸಾರ್, ಕಾರು?"

"ಕಾರಿಗೇನಾಗಿದೆ?"

"ಚಕ್ರ ಇಲ್ಲ ಸಾರ್. ಮೂರು."

"ಒಂದಿದೆಯಲ್ಲ! ಎಲ್ಲಾನೂ ನಾನೇ ಹೇಳ್ಕೊಡ್ಬೇಕಾ?" ಎಂದು ಪ್ರಾಂಶುಪಾಲರು ಸ್ವಾಗತ ಭಾಷಣದ ಕಡೆ ತಿರುಗಿದರು.

ಗುಮಾಸ್ತ ಹೆಂಡತಿಯ ತಮ್ಮನಿಗೆ ಫೋನು ಮಾಡಿದ. ಬಾಮೈದ ಒಂದು ಹಾಸಿಗೆ ಅಂಗಡಿಯ ವ್ಯಾನು ಓಡಿಸುತ್ತಿದ್ದ. ಹಿಂದೆ ಕಿಟಕಿಯಿಲ್ಲದ, ಶವಪೆಟ್ಟಿಗೆಗೆ ಗಾಲಿ ಹಚ್ಚಿದಂತಿದ್ದ ಬೂದು ಬಣ್ಣದ ವ್ಯಾನು. ಅದರ ಎರಡೂ ಮಗ್ಗುಲಿಗೆ ಕೆಂಪಕ್ಷರದಲ್ಲಿ ಬರೆದಿತ್ತು: 'ಇಲ್ಲಿ ಮಲಗಿದವರು ಏಳುವುದೇ ಇಲ್ಲ!'

"ಭಾವ, ಇದರಲ್ಲಾ ನಿಮ್ಮ ದೊಡ್ಡ ಮೇಡಂನ ಕೂರಿಸೋದು?" ಎಂದ ಬಾಮೈದ.

"ಮುಂದಿನ ಸೀಟಲ್ಲಿ ಕೂರಿಸೋಣ. ನೀನು ಬಾಯಿ ಮುಚ್ಕೊಂಡು ಹೊರಗೆ ಕಾಯ್ತಾ ಇರು. ಯಾರು ಏನು ಕೇಳಿದ್ರೂ ನನಗೇನೂ ಗೊತ್ತಿಲ್ಲ ಅನ್ನು."

"ನಿಜವಾಗ್ಲೂ ಗೊತ್ತಿಲ್ಲವಲ್ಲ ಭಾವ."

ನಿಲ್ದಾಣದೊಳಗೆ ಗುಮಾಸ್ತ ಖಾಲಿ ಬಿಳಿ ರಟ್ಟೊಂದನ್ನು ಎತ್ತಿ ಹಿಡಿದು ನಿಂತ. ಅತಿಥಿಯ ಹೆಸರನ್ನಾಗಲಿ ಕಾಲೇಜಿನ ಹೆಸರನ್ನಾಗಲಿ ಫಲಕದ ಮೇಲೆ ಬರೆಯಕೂಡದು, ಮೋಸಗಾರರು ಓದಿಬಿಡುತ್ತಾರೆ ಎಂಬುದು ಅವನದೇ ಆರನೆಯ ನಿಯಮ. ಒಬ್ಬ ಪ್ರಯಾಣಿಕ ರಟ್ಟನ್ನು ತಿರುಗಿಸಿ ಆಚೆ ಬದಿಯಲ್ಲಿ ಏನಾದರೂ ಇದೆಯೇ ಎಂದು ನೋಡಿದ. ಇನ್ನೊಬ್ಬ, "ಏನಣ್ಣ, ಮುಷ್ಕರಾನಾ?" ಎಂದು ಕೇಳಿದ.

ಹನ್ನೊಂದಕ್ಕೆ ಎತ್ತರದ, ಕನ್ನಡಕದ ಹೆಂಗಸೊಬ್ಬರು ಹೊರಬಂದರು. ಕೈಯಲ್ಲಿ ಹಳದಿ ಕೈಪಿಡಿ, ಕಿವಿಯ ಮೇಲೆ ಪೆನ್ಸಿಲು. ಗುಮಾಸ್ತನ ಎದೆ ಅರಳಿತು. ತಾನು ಬರೆದದ್ದನ್ನು ಒಬ್ಬರು ಓದುತ್ತಿರುವುದನ್ನು ಅವನು ನೋಡಿದ್ದು ಅದೇ ಮೊದಲು.

"ನಮಸ್ಕಾರ ಮೇಡಂ. ಕಾಲೇಜಿನಿಂದ ಬಂದಿದೀನಿ, ತಮ್ಮನ್ನ ಕರ್ಕೊಂಡು ಹೋಗೋಕೆ."

ಅಧ್ಯಕ್ಷೆ ನಿಂತರು. ಅವನನ್ನು ಮೇಲಿಂದ ಕೆಳಗೆ ನೋಡಿದರು. ಪುಟ ತೆರೆದು ಓದಿದರು: "'ನಿಯಮ ಮೂರು. ತಾನಾಗಿಯೇ ಬಳಿಗೆ ಬಂದು, ಕಾಲೇಜಿನಿಂದ ಬಂದಿದ್ದೇನೆ ಎನ್ನುವವರನ್ನು ನಂಬಬೇಡಿ.'" ಕಿವಿಯ ಮೇಲಿನ ಪೆನ್ಸಿಲು ತೆಗೆದು ಆ ಸಾಲಿನ ಪಕ್ಕ ಒಂದು ಸರಿ ಗುರುತು ಹಾಕಿದರು. "ಗುರುತಿನ ಚೀಟಿ?"

"ಅದು... ಇವತ್ತು ನಾಲ್ಕು ಗಂಟೆ ಮೇಲೆ ಸಿಗುತ್ತೆ ಮೇಡಂ."

"ನಿಯಮ ಏಳು." ಇನ್ನೊಂದು ಗುರುತು.

"ಹೊರಗೆ ವಾಹನ ತಮಗಾಗಿಯೇ ಕಾದಿದೆ ಮೇಡಂ."

"'ನಿಯಮ ಹನ್ನೊಂದು. ನಿಮಗಾಗಿಯೇ ಕಾದಿದೆ ಎಂದು ಹೇಳುವ ವಾಹನವನ್ನು ಎಂದೂ ಹತ್ತಬೇಡಿ.' ಅದೇ ಮಾತು! ಒಂದಕ್ಷರ ಹೆಚ್ಚುಕಮ್ಮಿ ಇಲ್ಲ!"

ಗುಮಾಸ್ತ ಕೈಮುಗಿದ. "ಮೇಡಂ, ದಯವಿಟ್ಟು. ತಮ್ಮ ವಿಮಾನ ಹತ್ತೂವರೆಗೆ ಬಂತು, ತಾವು ಪರಿಶೀಲನೆಗೆ ಬಂದಿದೀರಿ, ನಲವತ್ತೇಳನೇ ಕಾಲಂ... ನನಗೆಲ್ಲಾ ಗೊತ್ತು."

"ನಿಯಮ ಹದಿನಾಲ್ಕು. ಮೋಸಗಾರನಿಗೆ ನಿಮ್ಮ ವಿಷಯ ಎಲ್ಲಾ ಗೊತ್ತಿರುತ್ತದೆ. ನಿಯಮ ಹದಿನಾರು, ಅತಿವಿನಯ." ಅವರು ಕನ್ನಡಕ ಸರಿಮಾಡಿಕೊಂಡು ಅವನ ಹಣೆಯನ್ನು ಹತ್ತಿರದಿಂದ ನೋಡಿದರು. "ಹದಿನೇಳೂ ಆಯ್ತು. ಏನ್ರೀ ಹೀಗೆ ಬೆವರ್ತಿದೀರಿ?"

"ಮೇಡಂ, ಆ ಕೈಪಿಡಿ ಬರೆದಿದ್ದೇ ನಾನು!"

ಅಧ್ಯಕ್ಷೆ ಮುಖಪುಟವನ್ನು ಅವನ ಮೂಗಿನ ಮುಂದೆ ಹಿಡಿದರು. ರಚನೆ: ಪ್ರಾಂಶುಪಾಲರು.

"ಆದ್ರೂ ನ್ಯಾಯ ನ್ಯಾಯವೇ," ಎಂದರು ಅವರು. "ಹತ್ತೊಂಬತ್ತರ ಪ್ರಕಾರ ಸಹಾಯವಾಣಿಗೆ ಕೇಳೋಣ. ಅವರು ಹೌದಂದ್ರೆ ಹೌದು." ನಾಲ್ಕು ಹೆಜ್ಜೆ ಆಚೆ ಹೋಗಿ, ಅವನಿಗೆ ಬೆನ್ನು ಮಾಡಿ ನಂಬರು ಒತ್ತಿದರು.

ಗುಮಾಸ್ತನ ಜೇಬು ಬಡಿದುಕೊಳ್ಳತೊಡಗಿತು.

ತೆಗೆಯದಿದ್ದರೆ ಸಹಾಯವಾಣಿ ಸತ್ತಿದೆ ಎಂದಾಗುತ್ತದೆ. ನಲವತ್ತೇಳನೇ ಕಾಲಂ ಹೋಯಿತು. ಅವನು ಕಂಬದ ಮರೆಗೆ ಸರಿದು, ದನಿಯನ್ನು ಆದಷ್ಟು ದಪ್ಪ ಮಾಡಿ, "ಸಹಾಯವಾಣಿ" ಎಂದ.

"ಇಲ್ಲೊಬ್ಬ ಕಾಲೇಜಿನಿಂದ ಬಂದಿದೀನಿ ಅಂತಾನೆ. ಸಣ್ಣಗೆ, ಒಣಗಿದ ಹಾಗಿದಾನೆ. ಅವನ ಜೊತೆ ಹೋಗಬಹುದಾ?"

"ಹೋಗಬಹುದು ಮೇಡಂ. ತುಂಬಾ ಒಳ್ಳೆಯ ಮನುಷ್ಯ."

"ನಿಮ್ಮ ದನಿ ಎರಡೆರಡು ಸಲ ಕೇಳಿಸ್ತಿದೆಯಲ್ಲ?" ಎನ್ನುತ್ತ ಅಧ್ಯಕ್ಷೆ ಕಂಬ ಸುತ್ತಿ ಬಂದರು. ಇಬ್ಬರೂ ಕಿವಿಗೆ ಫೋನು ಹಿಡಿದುಕೊಂಡು, ಒಂದು ಮೊಳ ಅಂತರದಲ್ಲಿ, ಮುಖಾಮುಖಿ ನಿಂತರು.

"ಸಹಾಯವಾಣಿನೂ ವಶ ಮಾಡ್ಕೊಂಡಿದಾನೆ!" ಎಂದು ಅಧ್ಯಕ್ಷೆ ಕೂಗಿದ್ದಕ್ಕೆ ಭದ್ರತೆಯವರಿಬ್ಬರು ಓಡಿ ಬಂದರು.

"ಕಾಲೇಜಿಗೇ ಫೋನ್ ಮಾಡಿ ಕೇಳಿ ಸಾರ್!" ಎಂದ ಗುಮಾಸ್ತ, ಅಳುವುದೊಂದು ಬಾಕಿ. ಭದ್ರತಾ ಅಧಿಕಾರಿ ಕಾಲೇಜಿನ ಕಚೇರಿಗೆ ಮೂರು ಸಲ ಮಾಡಿದರು. ಗಂಟೆ ಹೊಡೆಯಿತು, ಯಾರೂ ಎತ್ತಲಿಲ್ಲ. ಕಚೇರಿಯ ಫೋನು ಇದ್ದದ್ದು ಗುಮಾಸ್ತನ ಮೇಜಿನ ಮೇಲೆ, ಎತ್ತಬೇಕಾದವನು ಇಲ್ಲಿದ್ದ. ಪ್ರಾಂಶುಪಾಲರು ಭಾಷಣ ಬಾಯಿಪಾಠ ಮಾಡುವಾಗ ಮೊಬೈಲು ಆರಿಸಿಟ್ಟಿರುತ್ತಿದ್ದರು. ಉಳಿದವರು ಗ್ರಂಥಪಾಲಕಿ. ಗುಮಾಸ್ತ ಅವರಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳಿಸಲೆಂದು ಸ್ಪೀಕರು ಒತ್ತಿದ.

ಅವನು ಬಾಯಿ ತೆರೆಯುವ ಮೊದಲೇ ಆ ಕಡೆಯಿಂದ ಸಿಡಿಯಿತು: "ಸಿಕ್ಕಿದ್ರೇನ್ರೀ ಆ ಹೆಂಗಸು? ಬಿಡಬೇಡಿ! ಏನಾದ್ರೂ ಹೇಳಿ ಮೊದಲು ವ್ಯಾನು ಹತ್ತಿಸಿ! ಆಮೇಲೆ ಎಲ್ಲಿಗೆ ಹೋಗ್ತಾರೆ, ಮೂರು ದಿನ ನಮ್ಮ ಕೈಯಲ್ಲೇ ಇರ್ತಾರೆ!"

ಹತ್ತಿರದಲ್ಲಿ ಪೆಟ್ಟಿಗೆ ಎಳೆದುಕೊಂಡು ಹೋಗುತ್ತಿದ್ದವರೆಲ್ಲ ನಿಂತುಬಿಟ್ಟರು. ಭದ್ರತಾ ಅಧಿಕಾರಿ ಗುಮಾಸ್ತನ ರಟ್ಟೆ ಹಿಡಿದರು.

ಅವನನ್ನು ಒಂದು ಸಣ್ಣ ಕೋಣೆಗೆ ಕರೆದೊಯ್ದು ಬಿಳಿ ಗೋಡೆಗೆ ಒರಗಿಸಿ ನಿಲ್ಲಿಸಿದರು. "ಫೋಟೋ ತೆಗೀಬೇಕು. ನೇರ ನೋಡಿ, ನಗಬೇಡಿ." ಒಂಬತ್ತು ವರ್ಷದಲ್ಲಿ ಯಾರೂ ಅವನಿಗೆ ಆ ಮಾತು ಹೇಳಿರಲಿಲ್ಲ. ಇದರ ಒಂದು ಪ್ರತಿ ಗುರುತಿನ ಚೀಟಿಗೆ ಆಗಬಹುದೇನೋ ಎಂಬ ಆಸೆ ಆ ಸ್ಥಿತಿಯಲ್ಲೂ ಅವನನ್ನು ಬಿಡಲಿಲ್ಲ. ಜೇಬಿನ ಬಾಚಣಿಗೆ ತೆಗೆದು ತಲೆ ಬಾಚಿಕೊಂಡ. ಬಾಗಿಲಲ್ಲಿ ನಿಂತಿದ್ದ ಅಧ್ಯಕ್ಷೆ, "ನನಗೂ ಒಂದು ಕಳಿಸಿ" ಎಂದು ತಮ್ಮ ನಂಬರು ಕೊಟ್ಟು ಹೊರಟರು.

ಮಧ್ಯಾಹ್ನ ಎರಡೂವರೆಯವರೆಗೆ ಗುಮಾಸ್ತ ಗೋಡೆಯ ಗಡಿಯಾರ ನೋಡುತ್ತ ಕೂತ. ಅದರ ಮುಳ್ಳು ನಾಲ್ಕರ ಕಡೆಗೆ ಹೋಗುತ್ತಿತ್ತು. ಡ್ರಾಯರಿನ ಕಾಗದ ಅವನಿಂದ ದೂರ ಹೋಗುತ್ತಿತ್ತು. ಕೊನೆಗೆ ಬಾಮೈದ ಹುಡುಕಿಕೊಂಡು ಬಂದ. ಅವನ ಕೊರಳಲ್ಲಿ ಹಾಸಿಗೆ ಅಂಗಡಿಯ ಗುರುತಿನ ಚೀಟಿ ನೇತಾಡುತ್ತಿತ್ತು, ಫೋಟೋ ಸಮೇತ. ಭದ್ರತಾ ಅಧಿಕಾರಿ ಅದನ್ನು ಎರಡೂ ಕಡೆ ನೋಡಿ, "ನೀವು ಹೇಳಿದ್ರೆ ಸರಿ" ಎಂದು ಗುಮಾಸ್ತನನ್ನು ಬಿಟ್ಟರು.

"ಎಲ್ಲಿ ಹಾಳಾಗಿ ಹೋಗಿದ್ದೆ ಮೂರು ಗಂಟೆ?" ಎಂದು ಗುಮಾಸ್ತ ವ್ಯಾನಿನಲ್ಲಿ ಕೂತು ಹಲ್ಲು ಕಡಿದ.

"ನಿಮ್ಮನ್ನೇ ಕಾಯ್ತಿದ್ದೆ ಭಾವ. ಆಗ ಒಬ್ಬರು ಕನ್ನಡಕದ ಅಮ್ಮ ಬಂದು, ಕಾಲೇಜಿನ ಕಡೆ ಹೋಗ್ತೀಯಾ ಅಂದ್ರು. ನಾನು ಯಾವ ಕಡೆನೂ ಹೋಗಲ್ಲ, ನನಗೇನೂ ಗೊತ್ತಿಲ್ಲ, ಸುಮ್ನೆ ಹೋಗಿಯಮ್ಮ ಅಂದೆ. ಅವರಿಗೆ ಎಷ್ಟು ಖುಷಿಯಾಯ್ತು ಅಂತೀರಿ! ನೀನಾಗಿ ಕರೀಲಿಲ್ಲ, ನಾನ್ಯಾರು ಅಂತ ನಿನಗೆ ಗೊತ್ತಿಲ್ಲ, ವಿನಯ ಅಂತೂ ಇಲ್ಲವೇ ಇಲ್ಲ, ನಿನ್ನಂಥೋನೇ ಬೇಕು ಅಂತ ಹತ್ತಿ ಕೂತೇಬಿಟ್ರು."

ಗುಮಾಸ್ತ ತಾನು ಕೂತಿದ್ದ ಸೀಟನ್ನು ಮುಟ್ಟಿ ನೋಡಿದ. "ಈ ವ್ಯಾನನ್ನ?"

"ಇದನ್ನೇ. ದಾರಿಯುದ್ದಕ್ಕೂ ಗೊರಕೆ ಹೊಡೆದ್ರು ಭಾವ. ಕಾಲೇಜಿನ ಗೇಟಲ್ಲಿ ಎಬ್ಬಿಸೋಕೆ ನಾನು ಹಾರ್ನ್ ಹೊಡೀಬೇಕಾಯ್ತು."

ಅಂದರೆ ಅಧ್ಯಕ್ಷೆಯನ್ನು ಕ್ಷೇಮವಾಗಿ ತಲುಪಿಸಿದ್ದು ತಾನೇ ತಂದ ವ್ಯಾನು! ಗುಮಾಸ್ತನಿಗೆ ಹೋದ ಜೀವ ಬಂತು. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಗೇಟು ಮುಟ್ಟಿದ. ಗೇಟಿನ ಕಾವಲುಗಾರ ಅವನನ್ನು ತಡೆದು, ಎಂದೂ ತೋರಿಸದ ಗೌರವದಿಂದ, "ನಿಮ್ಮ ಫೋಟೋ ಬಂದಿದೆ" ಎಂದ. "ಚೆನ್ನಾಗಿ ಬಂದಿದೀರಿ. ಕಂಡ್ರೆ ಹಿಡ್ಕೊಳ್ಳಿ ಅಂತ ಹೇಳಿದಾರೆ. ಹಿಂದಿನ ಬಾಗಿಲಿಂದ ಹೋಗಿಬಿಡಿ, ನಾನು ನೋಡಿಲ್ಲ."

ಹಿಂದಿನ ಬಾಗಿಲಿನ ಬಳಿ, ಮುರಿದ ಬೆಂಚುಗಳ ನಡುವೆ, ಪ್ರಾಂಶುಪಾಲರು ಅವನಿಗಾಗಿಯೇ ಕಾದಿದ್ದರು. ಪಕ್ಕದಲ್ಲಿ ಗ್ರಂಥಪಾಲಕಿ. ಇಬ್ಬರ ಮುಖದಲ್ಲೂ ಹಬ್ಬದ ಕಳೆ.

"ನಲವತ್ತೇಳಕ್ಕೆ ಪೂರ್ತಿ ಅಂಕ ಕಣ್ರೀ!" ಎಂದು ಗ್ರಂಥಪಾಲಕಿ ಪಿಸುಗುಟ್ಟಿದರು. "ಇಷ್ಟು ಕಾಲೇಜು ನೋಡಿದೀನಿ, ಪ್ರಾಣ ಉಳಿಸಿದ ಕೈಪಿಡಿ ಇದೊಂದೇ ಅಂದ್ರು. ಸಾಹೇಬರಿಗೆ ಶಾಲು ಹೊದಿಸಿದ್ರು."

"ಸಾರ್, ಹಾಗಾದ್ರೆ ನನ್ನ ಕಾಗದ..."

"ಅದೇ ಕಷ್ಟ ನೋಡಿ," ಎಂದರು ಪ್ರಾಂಶುಪಾಲರು, ಶಾಲು ಸರಿಮಾಡಿಕೊಳ್ಳುತ್ತ. "ಅಧ್ಯಕ್ಷೆ ನಿಮ್ಮ ಫೋಟೋ ತೋರಿಸಿ, ಇವನು ಯಾರಾದ್ರೂ ಗೊತ್ತಾ ಅಂತ ಕೇಳಿದ್ರು. ಗೊತ್ತು ಅಂದ್ರೆ ಅಂಕ ಹೋಗುತ್ತೆ. ಗೊತ್ತಿಲ್ಲ ಅಂದೆ. ಗೊತ್ತಿಲ್ಲದೋನನ್ನ ಖಾಯಂ ಮಾಡೋದು ಹೇಗೆ? ನೀವೇ ಹೇಳಿ. ಮುಂದಿನ ಪರಿಶೀಲನೆ ಐದು ವರ್ಷಕ್ಕೆ ಬರುತ್ತೆ, ಆಗ ನೋಡೋಣ."

ಅವರು ಬಗಲಿನಿಂದ ಹಳದಿ ಕೈಪಿಡಿಯ ಹೊಸ ಕರಡೊಂದನ್ನು ತೆಗೆದು ಅವನ ಕೈಗಿಟ್ಟರು. ಇಪ್ಪತ್ತೆರಡನೆಯ ನಿಯಮವೊಂದು ಸೇರಿತ್ತು: 'ಈ ವ್ಯಕ್ತಿ ಕಂಡರೆ ಜೊತೆಗೆ ಹೋಗಬೇಡಿ.' ಕೆಳಗೆ, ಅಂಗೈಯಗಲ, ನೀಟಾಗಿ ತಲೆ ಬಾಚಿಕೊಂಡ ಗುಮಾಸ್ತ ನೇರ ನೋಡುತ್ತಿದ್ದ.

"ಅಧ್ಯಕ್ಷೆಯವರ ಸಲಹೆ. ಇವತ್ತೇ ತಿದ್ದಿ ಅಚ್ಚಿಗೆ ಕಳಿಸಿ. ನಿಮ್ಮಷ್ಟು ಚೆನ್ನಾಗಿ ಕರಡು ತಿದ್ದೋರು ನಮ್ಮಲ್ಲಿ ಬೇರೆ ಯಾರಿದಾರೆ? ಒಂದು ಪ್ರತಿ ಆಗಲೇ ಸಮಿತಿಯ ಇನ್ನೊಬ್ಬ ಸದಸ್ಯರಿಗೆ ಮೇಲ್ ಮಾಡಿದೀವಿ. ಅವರು ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಇಳೀತಾರೆ."

"ಅವರನ್ನ ಕರ್ಕೊಂಡು ಬರೋಕೆ ಯಾರು ಹೋಗ್ತಾರೆ ಸಾರ್?"

"ನೀವೇ ಹೋಗ್ಬೇಕಪ್ಪ, ಇನ್ಯಾರು?" ಎಂದು ಪ್ರಾಂಶುಪಾಲರು ಅವನ ಬೆನ್ನು ತಟ್ಟಿದರು. "ಗಾಬರಿ ಬೇಡ. ಈ ಸಲ ಅವರು ನಿಮ್ಮನ್ನ ನೋಡಿದ ತಕ್ಷಣ ಗುರುತು ಹಿಡೀತಾರೆ."