ವಿಶ್ವಾಧ್ಯಕ್ಷರು ಬಂದು ಹೋದದ್ದು ನನಗೊಬ್ಬನಿಗೆ ಕಾಣಲಿಲ್ಲ

ವಿಶ್ವ ಕಾಲ್ಚೆಂಡು ಮಹಾಸಂಘದ ಹಾಲಿ, ಭಾವಿ ಮತ್ತು ಎಂದೆಂದಿಗೂ ಮಾಜಿಯಾಗದ ಅಧ್ಯಕ್ಷರ ಸನ್ನಿಧಾನಕ್ಕೆ,

ಮಾನ್ಯರೇ, ಮಹಾಮಾನ್ಯರೇ, ಇವೆರಡರ ಮೇಲೆ ಇನ್ನೇನಾದರೂ ಇದ್ದರೆ ಅದೂ ಆದವರೇ,

ತಮ್ಮ ಪಾದಗಳಿಗೆ ನಮಸ್ಕಾರ. ಪಾದಗಳಿಗೇ ಏಕೆಂದರೆ ತಮ್ಮದು ಕಾಲಿನ ಆಟ. ಈ ಆಟದಲ್ಲಿ ಚೆಂಡಿಗೆ ಕೈ ತಾಗಿದರೆ ತಪ್ಪು, ಇನ್ನೊಬ್ಬರ ಕಾಲು ಹಿಡಿದರೆ ತಪ್ಪು, ಕಾಲೆಳೆದರೆ ಇನ್ನೂ ದೊಡ್ಡ ತಪ್ಪು ಎಂದು ನನ್ನ ಮೊಮ್ಮಗಳು ಹೇಳಿಕೊಟ್ಟಿದ್ದಾಳೆ. ತಮ್ಮ ಮಹಾಸಂಘದಲ್ಲಾದರೋ ಕೈ ಬೆಚ್ಚಗಾಗದೆ ಕಡತ ಕದಲುವುದಿಲ್ಲ, ಕಾಲು ಹಿಡಿಯದೆ ಕುರ್ಚಿ ಸಿಗುವುದಿಲ್ಲ, ಕಾಲೆಳೆಯದೆ ಸಿಕ್ಕ ಕುರ್ಚಿ ಉಳಿಯುವುದಿಲ್ಲ ಎಂದು ಪತ್ರಿಕೆಯವರು ಬರೆಯುತ್ತಾರೆ. ಹೊಟ್ಟೆಕಿಚ್ಚು, ಮತ್ತೇನಲ್ಲ. ಆಡುವವರಿಗೂ ಆಡಿಸುವವರಿಗೂ ಒಂದೇ ನಿಯಮವಾದರೆ ಯಾರು ಯಾರೆಂದು ಗುರುತಿಸುವುದು ಹೇಗೆ?

ಹಿಂದೆ ತಮಗೆ ಬರೆದ ಪತ್ರಗಳನ್ನು ಲಕೋಟೆಯಲ್ಲಿಟ್ಟು, ಅಂಟಿಸಿ, ಭದ್ರವಾಗಿ ಕಳಿಸಿದ್ದೆ. ತಮ್ಮ ಕಚೇರಿ ಅವನ್ನು ತೆರೆದ ಹಾಗೆ ಕಾಣಲಿಲ್ಲ. ತೆರೆಯುವ ಶ್ರಮವನ್ನು ತಮಗೇಕೆ ಕೊಡಬೇಕೆಂದು ಈ ಸಲ ತೆರೆದೇ ಕಳಿಸುತ್ತಿದ್ದೇನೆ. ದಾರಿಯಲ್ಲಿ ಊರೆಲ್ಲ ಓದಿಕೊಂಡರೆ ಅದು ಊರಿನವರ ಕೆಟ್ಟ ಚಾಳಿ, ನನ್ನ ತಪ್ಪಲ್ಲ.

ನಾನು ಬೋರ್ಡು ಬರೆಯುವವನು. ಈ ಊರಿನ ಗೋಡೆಗಳ ಮೇಲಿರುವ ‘ಇಲ್ಲಿ ಉಗುಳಬಾರದು’, ‘ಇಲ್ಲಿ ವಾಹನ ನಿಲ್ಲಿಸಬಾರದು’, ‘ಲಂಚ ಕೊಡಬಾರದು, ಕೇಳಬಾರದು’ ಎಲ್ಲವೂ ನನ್ನ ಕೈಬರಹವೇ. ಬರೆದದ್ದನ್ನು ಒಬ್ಬರೂ ಪಾಲಿಸದಂತೆ ಬರೆಯುವ ವಿದ್ಯೆಯಲ್ಲಿ ನಾನೂ ತಮ್ಮ ನೀತಿ ಸಮಿತಿಯವರೂ ಒಂದೇ ಕಸುಬಿನವರು; ಅವರಿಗೆ ಸಂಬಳ ಹೆಚ್ಚು, ನನಗೆ ಅಕ್ಷರ ಚೆಂದ, ಅಷ್ಟೇ ವ್ಯತ್ಯಾಸ.

ನನ್ನ ಮೊಮ್ಮಗಳು ನಮ್ಮ ದೇಶದ ಹದಿನೇಳರೊಳಗಿನ ಹುಡುಗಿಯರ ತಂಡದ ಗೋಲ್‌ಕೀಪರ್. ಮುಂದಿನ ಸಲ ತಮ್ಮ ಮಹಾಸಂಘದ ಈ ವಯಸ್ಸಿನವರ ಪಂದ್ಯಾವಳಿ ನಡೆಯುವ ಹೊತ್ತಿಗೆ ಅವಳ ವಯಸ್ಸು ದಾಟಿರುತ್ತದೆ, ಆದ್ದರಿಂದ ಅವಳಿಗೆ ಇರುವುದು ಇದೊಂದೇ ಸಲ. ನೆರೆಯ ದೇಶದಲ್ಲಿ ಅರ್ಹತೆಯ ಮೊದಲ ಪಂದ್ಯ ಗೆದ್ದು ಬಂದಿದ್ದರು. ನಮ್ಮ ಮೈದಾನದಲ್ಲಿ ಎರಡನೆಯದನ್ನು ಸೋಲದೆ ಮುಗಿಸಿದರೆ ಸಾಕು, ಮುಖ್ಯ ಸುತ್ತಿಗೆ ವಿಮಾನ ಹತ್ತಬಹುದಿತ್ತು. ಅಡ್ಡಿ ಇದ್ದದ್ದು ಒಂದೇ. ನಮ್ಮ ಮೈದಾನದಲ್ಲಿ ಗೋಲ್‌ಪೋಸ್ಟ್ ಇರಲಿಲ್ಲ.

ಇರಲಿಲ್ಲ ಎಂದರೆ ತಪ್ಪಾದೀತು. ಇದ್ದವು, ಆದರೆ ಬೇರೆ ಕೆಲಸದ ಮೇಲೆ ಇದ್ದವು. ನಮ್ಮ ರಾಷ್ಟ್ರೀಯ ಸಂಘದ ಚುನಾವಣೆಯಲ್ಲಿ ಬಸ್ ಮಾಲೀಕರೊಬ್ಬರೂ ಹಲ್ಲಿನ ಡಾಕ್ಟರೊಬ್ಬರೂ ನಿಂತಿದ್ದರು. ಕೈ ಎತ್ತುವ ಮತದಾನದಲ್ಲಿ ಹಲವರು ಎರಡೂ ಕೈ ಎತ್ತಿದ್ದರಿಂದ ಇಬ್ಬರೂ ಬಹುಮತದಿಂದ ಗೆದ್ದರು. ಬಸ್ ಮಾಲೀಕರು ತಮ್ಮ ಕಸುಬಿಗೆ ತಕ್ಕಂತೆ ಅಧ್ಯಕ್ಷರ ಕುರ್ಚಿಯ ಮೇಲೆ ಟವೆಲ್ ಹಾಕಿ ಸೀಟು ಹಿಡಿದರು. ಡಾಕ್ಟರು ಹಲ್ಲು ಕಿರಿಯುತ್ತಲೇ ಬಂದು ಟವೆಲಿನ ಮೇಲೆ ಕೂತರು. ತೀರ್ಪಿಗಾಗಿ ತಮ್ಮ ಮಹಾಸಂಘಕ್ಕೆ ಬರೆದಾಗ, ಸಂಘದ ಆಸ್ತಿ ಯಾರ ವಶದಲ್ಲಿದೆಯೋ ಅವರೇ ಸಂಘ ಎಂಬ ನಿಯಮವನ್ನು ತಾವು ಕಳಿಸಿಕೊಟ್ಟಿರಿ. ನಮ್ಮ ಸಂಘಕ್ಕಿದ್ದ ಆಸ್ತಿಯೆಂದರೆ ಆ ಎರಡು ಗೋಲ್‌ಪೋಸ್ಟುಗಳು. ಸಂಜೆಯೊಳಗೆ ಇಬ್ಬರೂ ಒಂದೊಂದನ್ನು ಕಿತ್ತುಕೊಂಡು ಹೋದರು.

ಡಾಕ್ಟರ ಗೋಲ್‌ಪೋಸ್ಟ್ ಅವರ ಕ್ಲಿನಿಕ್ಕಿನ ಹಜಾರದಲ್ಲಿ ನಿಂತಿತು. ಕಾಯುವ ರೋಗಿಗಳು ಅದರ ಬಲೆಗೆ ಕೊಡೆ, ಕೈಚೀಲ ತೂಗುಹಾಕುತ್ತಿದ್ದರು. ಬಸ್ ಮಾಲೀಕರದ್ದು ಬಸ್ಸಿನ ಟಾಪಿನ ಮೇಲೇರಿ ದಿನವೂ ಊರೂರು ತಿರುಗುತ್ತಿತ್ತು. ಕಳ್ಳತನವಾಗದಿರಲು ಅದೇ ಕ್ಷೇಮವೆಂದು ಅವರ ಲೆಕ್ಕ. ನಮ್ಮ ದೇಶದ ಫುಟ್‌ಬಾಲ್ ಇಷ್ಟು ದೂರ ಹೋದದ್ದು ಇತಿಹಾಸದಲ್ಲಿ ಅದೇ ಮೊದಲು.

ನನ್ನ ಹೆಂಡತಿ ಹಿತ್ತಲಲ್ಲಿ ಬಟ್ಟೆ ಒಣಹಾಕುವ ಹಗ್ಗಕ್ಕೆ ಹೊದಿಕೆಯೊಂದನ್ನು ಇಳಿಬಿಟ್ಟು ಮೊಮ್ಮಗಳಿಗೆ ಗೋಲು ಮಾಡಿಕೊಟ್ಟಳು. ಚೆಂಡು ಒದೆಯುವ ಕೆಲಸ ನನ್ನದು. “ಎರಡು ಕಂಬ, ಒಂದು ಬಲೆ, ಇದಕ್ಕೆ ಇಷ್ಟು ದೊಡ್ಡೋರು ಹಿಂಗೆ ಕಿತ್ತಾಡ್ತಾರಲ್ಲ, ನಾಚಿಕೆ ಅನ್ನೋದೇನಾದ್ರೂ ಇದ್ಯಾ?” ಎಂದು ಅವಳು ಗೊಣಗಿದರೆ, ಮೊಮ್ಮಗಳು ಕೆಸರಾದ ಮಂಡಿ ಒರೆಸಿಕೊಳ್ಳುತ್ತಾ, “ಅಜ್ಜೀ, ಗೋಲೇ ಇಲ್ಲದ ಗೋಲ್‌ಕೀಪರ್ ನಾನೊಬ್ಬಳೇ ಇರ್ಬೇಕು ಲೋಕದಲ್ಲಿ. ಕಾಯೋಕೆ ಏನಿದೆ ಅಂತ ಕಾಯ್ಲಿ?” ಎನ್ನುತ್ತಿದ್ದಳು. ಬೇರೆಯವರಿಗೆ ಗೋಲು ಬಿಟ್ಟರೆ ಗೋಳು. ನಮಗೆ ಗೋಲು ಇಲ್ಲದ್ದೇ ಗೋಳು.

ಇದನ್ನು ಬಗೆಹರಿಸಲು ತಾವು ಸತ್ಯಶೋಧನಾ ಸಮಿತಿಯನ್ನು ಕಳಿಸಿದ ಔದಾರ್ಯವನ್ನು ಮರೆಯಲಾರೆ. ಅವರು ಹೋಟೆಲಿನ ಈಜುಕೊಳದಲ್ಲಿ ಬಹಳ ಆಳದವರೆಗೆ ಸತ್ಯವನ್ನು ಹುಡುಕಿದರು. ಹೋಗುವಾಗ ಎರಡೂ ಬಣದವರಿಗೆ ತಮ್ಮ ಭಾವಚಿತ್ರವಿರುವ ಕೈಗಡಿಯಾರಗಳನ್ನು ಹಂಚಿದರು. ಅಂದಿನಿಂದ ನಮ್ಮ ಸಂಘದ ಯಾವ ಸಭೆಗೂ ಯಾರೂ ಹೊತ್ತಿಗೆ ಸರಿಯಾಗಿ ಬಂದಿಲ್ಲ. ಮಹಾಸಂಘದ ಚುನಾವಣೆ ಹತ್ತಿರವಿದ್ದದ್ದರಿಂದ, ಯಾರನ್ನು ಒಪ್ಪಿದರೂ ಇನ್ನೊಬ್ಬರ ಮನಸ್ಸು ನೊಂದೀತೆಂದು ತಾವು ಇಬ್ಬರನ್ನೂ ಅರ್ಧರ್ಧ ಒಪ್ಪಿದಿರಿ. ಬಯಲೇ ಇಲ್ಲದ, ಒದ್ದ ಚೆಂಡೆಲ್ಲ ಸಮುದ್ರಕ್ಕೆ ಬೀಳುವ ದ್ವೀಪಕ್ಕೆ ಮುಂದಿನ ಪಂದ್ಯಾವಳಿಯನ್ನು ದಯಪಾಲಿಸಿದವರಿಗೆ ಇದು ದೊಡ್ಡ ಮಾತೇ? ಅದರ ಜೊತೆಗೇ ಇನ್ನೊಂದು ಆದೇಶ ಬಂತು: ಗೊತ್ತುಪಡಿಸಿದ ದಿನ, ಎರಡು ಗೋಲ್‌ಪೋಸ್ಟುಗಳೊಂದಿಗೆ ಪಂದ್ಯ ನಡೆಯದಿದ್ದರೆ ನಮ್ಮ ಹುಡುಗಿಯರು ಸೋತಂತೆ.

ಮೊಮ್ಮಗಳು ಇಬ್ಬರ ಮನೆಬಾಗಿಲಿಗೂ ಹೋದಳು. ಬಸ್ ಮಾಲೀಕರು, “ನೋಡಮ್ಮಾ, ನಂದು ಯಾವಾಗ್ಲೂ ರೆಡಿ. ಆದ್ರೆ ಆ ಹಲ್ಲು ಕೀಳೋನ ಗೋಲು ಮೈದಾನಕ್ಕೆ ಕಾಲಿಟ್ರೆ ನಂದು ಬಸ್ಸಿಂದ ಇಳಿಯೋದೇ ಇಲ್ಲ” ಎಂದರಂತೆ. ಡಾಕ್ಟರು, “ನಂದೇನೂ ಅಡ್ಡಿ ಇಲ್ಲ ಪುಟ್ಟಾ, ನನ್ನ ಗೋಲು ಒಂದರಲ್ಲೇ ಎರಡೂ ಕಡೆಯವ್ರು ಆಡ್ಕೊಳ್ಳಿ. ಎಲ್ಲಿ, ಬಂದಿದ್ದೀಯಲ್ಲ, ಹಂಗೇ ಬಾಯಿ ತೆಗಿ ನೋಡೋಣ” ಎಂದರಂತೆ. ಮನೆಗೆ ಬಂದವಳು ಊಟ ಮಾಡಲಿಲ್ಲ. ಕೈಗವಸುಗಳನ್ನು ತೊಳೆದು ಹಗ್ಗಕ್ಕೆ ಹಾಕಿ, ಅವು ಒಣಗಿದ ಮೇಲೂ ತೆಗೆಯಲಿಲ್ಲ. ಇದೊಂದು ಸಾಲನ್ನು ಮಾತ್ರ ತಾವು ನಗದೆ ಓದಬೇಕಾಗಿ ವಿನಂತಿ.

ಅದಾದ ಮೇಲೆ ಮೈದಾನದ ಬಾಗಿಲಲ್ಲಿ ಒಂದು ಬೋರ್ಡು ಕಾಣಿಸಿಕೊಂಡಿತು: ‘ಪಂದ್ಯದ ದಿನ ವಿಶ್ವಾಧ್ಯಕ್ಷರು ಖುದ್ದಾಗಿ ದಯಮಾಡಿಸಿ, ಗೋಲ್‌ಪೋಸ್ಟ್ ತಂದವರ ಕೈ ಕುಲುಕುವರು.’ ಯಾರು ಬರೆಸಿದರೋ ತಿಳಿಯದು. ಅಕ್ಷರ ನನ್ನದನ್ನೇ ಹೋಲುತ್ತದೆ ಎಂದು ಕೆಲವರು ಆಡಿಕೊಂಡರು. ಈ ಊರಲ್ಲಿ ಒಳ್ಳೆಯ ಅಕ್ಷರ ಎಲ್ಲಿ ಕಂಡರೂ ಅಪವಾದ ನನಗೇ ಅಂಟುತ್ತದೆ, ಏನು ಮಾಡಲಿ?

ಪಂದ್ಯದ ದಿನ ಬಸ್ ಮಾಲೀಕರು ಪ್ರಯಾಣಿಕರನ್ನು ದಾರಿಯಲ್ಲೇ ಇಳಿಸಿ ಗೋಲ್‌ಪೋಸ್ಟನ್ನು ಮಾತ್ರ ಹೊತ್ತು ತಂದರು. ಡಾಕ್ಟರು ತಮ್ಮದನ್ನು ಉಜ್ಜಿ ಉಜ್ಜಿ ಹಲ್ಲಿನ ಹಾಗೆ ಹೊಳೆಯಿಸಿದ್ದರು. ಒಬ್ಬರು ಒಂದು ತುದಿಗೆ ನೆಟ್ಟರೆ ಇನ್ನೊಬ್ಬರು ಇನ್ನೊಂದು ತುದಿಗೆ ನೆಟ್ಟರು. ಮೈದಾನಕ್ಕೆ ತುದಿಗಳು ಎರಡೇ ಇದ್ದದ್ದು ನಮ್ಮ ಪುಣ್ಯ. ಆಮೇಲೆ ಇಬ್ಬರೂ ಹೂಗುಚ್ಛ ಹಿಡಿದು ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು, ಮೈದಾನಕ್ಕೆ ಬೆನ್ನು ಮಾಡಿ, ರಸ್ತೆಯ ಮೇಲೆ ಕಣ್ಣಿಟ್ಟು ಕೂತರು. ಕಣ್ಣು ಮಿಟುಕಿಸಿದರೆ ಇನ್ನೊಬ್ಬರು ಮೊದಲು ಕೈ ಕುಲುಕಿಯಾರೆಂಬ ಭಯ. ಅವರ ಬೆನ್ನ ಹಿಂದೆ ಪಂದ್ಯ ಶುರುವಾಯಿತು. ರೆಫರಿ ಸೀಟಿ ಊದಿದಾಗಲೆಲ್ಲ ಡಾಕ್ಟರು ತಿರುಗಿಯೂ ನೋಡದೆ, “ಶ್! ಯಾರ್ರೀ ಅದು ಪೀಪಿ ಊದೋದು? ಅಧ್ಯಕ್ಷರು ಬರೋ ಹೊತ್ತು!” ಎಂದು ಗದರುತ್ತಿದ್ದರು.

ದ್ವಿತೀಯಾರ್ಧದಲ್ಲಿ ಕಪ್ಪು ಕಾರೊಂದು ಬಂದು ನಿಂತಿತು. ಗಾಜು ಇಳಿಯಿತು. ದಾರಿ ಕೇಳಲು ಕೈಯೊಂದು ಹೊರಗೆ ಬಂತು. ಇಬ್ಬರೂ ಏಕಕಾಲಕ್ಕೆ ಹಾರಿ ಆ ಕೈಯನ್ನು ಹಿಡಿದು, ಕುಲುಕಿ, ಒಬ್ಬರು ಬಿಟ್ಟರೂ ಇನ್ನೊಬ್ಬರು ಬಿಡದೆ ಫೋಟೊ ತೆಗೆಸಿಕೊಂಡರು. ಒಳಗಿದ್ದವರು ಬಾಯಿ ಬಿಡಲಿಲ್ಲ. ದೊಡ್ಡವರು ಮಾತು ಕಡಿಮೆ ಎಂದು ಇವರು ಮೆಚ್ಚಿಕೊಂಡರು. ಕಾರು ಮುಂದೆ ಬಂದು ನನ್ನ ಬಳಿ ನಿಂತಿತು. ನನಗೆ ಕಂಡದ್ದು ಎಡಗೆನ್ನೆ ಊದಿಕೊಂಡು, ನೋವಿಗೆ ಕಣ್ಣಲ್ಲಿ ನೀರು ತಂದುಕೊಂಡ ಒಬ್ಬ ದಾರಿಹೋಕ. ಊರಲ್ಲಿ ಹಲ್ಲಿನ ಡಾಕ್ಟರು ಎಲ್ಲಿ ಸಿಗುತ್ತಾರೆಂದು ಅವರು ಸನ್ನೆಯಲ್ಲಿ ಕೇಳಿದರು. ಈಗ ತಾನೇ ನಿಮ್ಮ ಕೈ ಹಿಡಿದಿದ್ದರಲ್ಲ ಎಂದೆ. ನನ್ನನ್ನು ಹುಚ್ಚನೆಂದುಕೊಂಡು ಹೊರಟುಹೋದರು.

ಅಷ್ಟರಲ್ಲಿ ಎದುರಾಳಿಗಳಿಗೆ ಪೆನಾಲ್ಟಿ ಸಿಕ್ಕಿತ್ತು. ಒದೆಯಲು ಬಂದ ಹುಡುಗಿ ಬಲಗಡೆಗೆ ಒದೆಯುವಳೆಂದು ನಾವೆಲ್ಲ ಅಂದುಕೊಂಡಿದ್ದೆವು. ಮೊಮ್ಮಗಳು ಎಡಗಡೆಗೆ ಹಾರಿ, ಬೆರಳ ತುದಿಯಲ್ಲಿ ಚೆಂಡನ್ನು ಕಂಬದಾಚೆ ತಳ್ಳಿಬಿಟ್ಟಳು. ಎರಡು ಗೋಲಿಗಾಗಿ ಇಷ್ಟೆಲ್ಲ ಪಾಡುಪಟ್ಟು, ಪಂದ್ಯ ಒಂದೂ ಗೋಲಿಲ್ಲದೆ ಡ್ರಾ ಆಯಿತು. ನಮಗೆ ಅಷ್ಟೇ ಬೇಕಿತ್ತು. ಬಾಗಿಲಲ್ಲಿದ್ದ ಇಬ್ಬರು ಅಧ್ಯಕ್ಷರು ಮಾತ್ರ ಫಲಿತಾಂಶವನ್ನು ಮರುದಿನದ ಪತ್ರಿಕೆಯಲ್ಲಿ ಓದಿ ತಿಳಿದುಕೊಂಡರು.

ಈಗ ನನ್ನ ದೂರಿಗೆ ಬರುತ್ತೇನೆ. ತಾವು ಬರಲಿಲ್ಲವೆಂದರೆ ತಾವು ಅವರನ್ನು ಕಡೆಗಣಿಸಿದಂತಾಯಿತೆಂದು ಇಬ್ಬರೂ ತಮಗೆ ಧನ್ಯವಾದದ ಪತ್ರ ಬರೆದರು. ಡಾಕ್ಟರಂತೂ, ತಮ್ಮ ಎಡಗೆನ್ನೆಯ ಊತ ಕಂಡು ಮರುಗಿದೆನೆಂದೂ ಉಚಿತ ಚಿಕಿತ್ಸೆಗೆ ಸಿದ್ಧನೆಂದೂ ಸೇರಿಸಿದರು. ತಮ್ಮ ಕಾರ್ಯದರ್ಶಿಗಳು ಯಾರ ಮತವನ್ನೂ ಕಳೆದುಕೊಳ್ಳಬಾರದಲ್ಲ, ಇಬ್ಬರಿಗೂ ಉತ್ತರಿಸಿದರು: ‘ಆ ಭೇಟಿಯನ್ನು ಅಧ್ಯಕ್ಷರು ಸದಾ ನೆನೆಯುತ್ತಾರೆ. ಅವರ ಕೆನ್ನೆ ಈಗ ಗುಣಮುಖವಾಗಿದೆ.’ ಈ ಉತ್ತರಗಳನ್ನು ಬಸ್ ನಿಲ್ದಾಣದಲ್ಲೂ ಕ್ಲಿನಿಕ್ಕಿನ ಮುಂದೆಯೂ ದೊಡ್ಡ ಅಕ್ಷರದಲ್ಲಿ ಬರೆಯುವ ಭಾಗ್ಯ ನನ್ನದೇ ಆಯಿತು. ಹೀಗೆ, ತಾವು ಬಂದದ್ದನ್ನು ಬಸ್ ಮಾಲೀಕರು ಕಂಡರು, ಡಾಕ್ಟರು ಕಂಡರು, ದೂರದ ಕಚೇರಿಯಲ್ಲಿ ಕೂತ ತಮ್ಮ ಕಾರ್ಯದರ್ಶಿಗಳೂ ಕಂಡರು. ಬಾಗಿಲ ಪಕ್ಕದಲ್ಲೇ ಕೂತಿದ್ದ ನನಗೊಬ್ಬನಿಗೆ ಕಾಣಲಿಲ್ಲ. ಇದು ಅನ್ಯಾಯವಲ್ಲವೇ?

ಇದಕ್ಕೆ ಪರಿಹಾರವಾಗಿ ನಾನು ಹೆಚ್ಚೇನೂ ಕೇಳುವುದಿಲ್ಲ. ಇನ್ನೊಬ್ಬರ ಗೋಲ್‌ಪೋಸ್ಟಿಗೆ ಮಾನ್ಯತೆ ಇಲ್ಲ, ಆದ್ದರಿಂದ ಪಂದ್ಯ ರದ್ದಾಗಬೇಕು ಎಂದು ಇಬ್ಬರೂ ತಮಗೆ ತಕರಾರು ಸಲ್ಲಿಸಿದ್ದಾರೆ. ಮುಂದಿನ ವಾರ ತಮ್ಮ ಶಿಸ್ತು ಸಮಿತಿ ತೀರ್ಮಾನಿಸುತ್ತದೆ. ರದ್ದಾದರೆ ನಮ್ಮ ಹುಡುಗಿಯರು ಮನೆಗೆ. ಸ್ವತಃ ವಿಶ್ವಾಧ್ಯಕ್ಷರ ಸಮ್ಮುಖದಲ್ಲಿ, ಅವರ ಹಲ್ಲುನೋವಿನ ಸಾಕ್ಷಿಯಾಗಿ ನಡೆದ ಪಂದ್ಯವನ್ನು ಅವರದೇ ಸಮಿತಿ ರದ್ದುಮಾಡುವುದು ಲಕ್ಷಣವಲ್ಲವೆಂದು ನನ್ನ ಅಲ್ಪಮತಿಗೆ ತೋರುತ್ತದೆ. ಹಾಗಿದ್ದೂ, ಇಬ್ಬರನ್ನೂ ಅರ್ಧರ್ಧ ಒಪ್ಪಿದ ಲೆಕ್ಕದಲ್ಲಿ ಅರ್ಧ ಪಂದ್ಯವನ್ನಾದರೂ ರದ್ದು ಮಾಡಲೇಬೇಕೆಂದರೆ ಮಾಡಿ. ಸೊನ್ನೆಯ ಅರ್ಧ ಎಷ್ಟೆಂದು ಸಮಿತಿಯವರೇ ತಿಳಿಸಲಿ.

ಅದೂ ಆಗದಿದ್ದರೆ ತಮ್ಮದೇ ಲೆಕ್ಕವನ್ನು ನಮಗೂ ಅನ್ವಯಿಸಿ. ಅಧ್ಯಕ್ಷರಿಗೆ ಎರಡೇ ಅವಧಿ ಎಂಬ ನಿಯಮವಿದ್ದಾಗ, ಮೊದಲನೆಯದು ನಡುವೆ ಶುರುವಾದ್ದರಿಂದ ಲೆಕ್ಕಕ್ಕಿಲ್ಲ, ಎರಡನೆಯದು ಕಷ್ಟಕಾಲದಲ್ಲಿ ಬಂದದ್ದರಿಂದ ಲೆಕ್ಕಕ್ಕಿಲ್ಲ, ಆದ್ದರಿಂದ ಮೂರನೆಯದೇ ಮೊದಲನೆಯದು ಎಂದು ತಾವು ಸಾಧಿಸಿಕೊಟ್ಟಿರಿ. ಅದೇ ರೀತಿ ನನ್ನ ಮೊಮ್ಮಗಳು ಗೋಲಿಲ್ಲದೆ ಕಳೆದ ವರ್ಷವನ್ನು ಅವಳ ವಯಸ್ಸಿಗೆ ಸೇರಿಸಬಾರದೆಂದು ಆದೇಶಿಸಿ. ತಮಗೆ ವಯಸ್ಸಾಗದೆ ಅಧಿಕಾರ ಉಳಿಯುವುದಾದರೆ, ಅವಳಿಗೆ ವಯಸ್ಸಾಗದೆ ಆಟ ಉಳಿಯಬಾರದೇ?

ಕೊನೆಯದಾಗಿ ಒಂದು ಕೋರಿಕೆ: ದಯವಿಟ್ಟು ಬರಬೇಡಿ. ಬರುವವರಿದ್ದೀರಿ ಎನ್ನುವುದೊಂದೇ ಸಾಕು. ತಾವು ಬರಲಿರುವಷ್ಟು ದಿನ ಎರಡೂ ಗೋಲುಗಳು ಮೈದಾನದಲ್ಲಿರುತ್ತವೆ, ಹುಡುಗಿಯರು ಆಡುತ್ತಿರುತ್ತಾರೆ, ಇಬ್ಬರು ಅಧ್ಯಕ್ಷರು ಬಾಗಿಲಲ್ಲಿ ರಸ್ತೆ ನೋಡುತ್ತಾ ಕೂತಿರುತ್ತಾರೆ. ಆಡಳಿತವೆಂದರೆ ಇಷ್ಟು ಸುಗಮವಾಗಿ ನಡೆಯಬಹುದೆಂದು ನಮಗೆ ಈವರೆಗೆ ಗೊತ್ತೇ ಇರಲಿಲ್ಲ.

ಕಾಣದಿದ್ದರೂ ನಂಬಿಕೊಂಡಿರುವ,
ತಮ್ಮ ವಿಶ್ವಾಸಿ,
ಬೋರ್ಡು ಬರೆಯುವ ಮುದುಕ, ಉರುಫ್ ಗೋಲ್‌ಕೀಪರಿನ ತಾತ

ಮರೆತ ಮಾತು: ನನ್ನ ಕಣ್ಣನ್ನು ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಪಂದ್ಯ ಡ್ರಾ ಆಗಿಯೇ ಉಳಿದರೆ ಈ ದೋಷ ಹೀಗೇ ಇದ್ದು ತಾವು ಬಂದದ್ದು ನನಗೂ ಮಬ್ಬಾಗಿ ನೆನಪಾಗಬಹುದಂತೆ; ರದ್ದಾದರೆ ಮಾತ್ರ ದೃಷ್ಟಿ ಪೂರ್ತಿ ಮರಳುವ ಅಪಾಯವಿದೆಯಂತೆ. ತಮ್ಮ ಚುನಾವಣೆಗೆ ಮುಂಚೆ ಆ ಹಲ್ಲುನೋವಿನವರನ್ನು ಹುಡುಕಿಸಿ ಪತ್ರಿಕೆಯವರ ಮುಂದೆ ನಿಲ್ಲಿಸುವಷ್ಟು ಸ್ಪಷ್ಟವಾಗಿ. ಅವರ ಊತ ಇನ್ನೂ ಇಳಿದಿಲ್ಲವೆಂದು ಕೇಳಿದೆ. ತಮ್ಮದು ಗುಣವಾಗಿದೆಯಲ್ಲ, ಸಂತೋಷ. ತಮ್ಮ ಉತ್ತರದ ಬೋರ್ಡುಗಳಿಗೆ ಎಂಥ ಬಣ್ಣ ಹಾಕಿದ್ದೇನೆಂದರೆ ಎಷ್ಟು ಮಳೆ ಬಂದರೂ ಹೋಗುವುದಿಲ್ಲ.