ಕೈಗೆ ಬಂದ ಚೆಂಡು

ನನ್ನ ಎಡಗೈಯ ಕಿರುಬೆರಳಿನ ಉಗುರು ಅರ್ಧಕ್ಕೆ ಮುರಿದಿತ್ತು. ಮುರಿದದ್ದು ಒಂದು ಚರ್ಮದ ಚೆಂಡಿನ ಹೊಲಿಗೆಗೆ ಸಿಕ್ಕಿ. ಕೋವಿಡ್ ಕಾಲದಲ್ಲಿ ಪರಿಚಯದವರೆಲ್ಲ ಬ್ರೆಡ್ ಮಾಡುವುದನ್ನು ಕಲಿತರು. ನಾನು ಚೆಂಡು ಹಿಡಿಯುವುದನ್ನು ಕಲಿತೆ. ಕಲಿಯುವ ಭರದಲ್ಲಿ ಒಬ್ಬನ ಅನ್ನಕ್ಕೆ ಕಲ್ಲು ಹಾಕುವುದೊಂದು ಬಾಕಿಯಿತ್ತು.

ಪರದೇಶದಲ್ಲಿ, ಕ್ಯಾಸಲ್‌ನಾಕ್‌ ಎಂಬಲ್ಲಿನ ನಮ್ಮ ಬಾಡಿಗೆ ಮನೆಯಲ್ಲಿ ಮೂವರಿದ್ದೆವು: ನಾನು, ಹಾಸನದ ರೂಪಾ, ಅದೇ ದೇಶದ ಡನ್‌ಡಾಕ್‌ ಊರಿನ ಡೆಕ್ಲನ್. ಡೆಕ್ಲನ್ ಕೆನಡಾದ ತಂಡವೊಂದರಲ್ಲಿ ಸಂಬಳಕ್ಕೆ ಫುಟ್‌ಬಾಲ್ ಆಡುವವನು. ರಜೆಗೆ ಬಂದವನು ವಿಮಾನಗಳು ನಿಂತು ಇಲ್ಲೇ ಉಳಿದಿದ್ದ. ಅವರ ಫುಟ್‌ಬಾಲ್ ನಾವು ಬಲ್ಲ ಫುಟ್‌ಬಾಲ್ ಅಲ್ಲ; ಚೆಂಡಿನ ಎರಡು ತುದಿಯೂ ಚೂಪು, ಆಡುವುದು ಹೆಚ್ಚಾಗಿ ಕೈಯಲ್ಲಿ. ಅದರಲ್ಲಿ ಡೆಕ್ಲನ್‌ನ ಕೆಲಸ ಒಂದೇ. ಬಗ್ಗಿ ನಿಂತು, ತನ್ನ ಕಾಲುಗಳ ನಡುವಿನಿಂದ ಹಿಂದೆ ನೋಡುತ್ತ, ಒದೆಯಲು ಕಾದವನ ಎದೆಗೆ ನೇರವಾಗಿ ಚೆಂಡನ್ನು ಎಸೆಯುವುದು. ಸರಿಯಾಗಿ ಎಸೆದರೆ ಯಾರೂ ಗಮನಿಸುವುದಿಲ್ಲ. ತಪ್ಪಿದರೆ ಊರಿಗೆಲ್ಲ ಅವನ ಹೆಸರು ಗೊತ್ತಾಗುತ್ತದೆ. ನಾನು ಸಾಫ್ಟ್‌ವೇರ್ ಪರೀಕ್ಷಿಸುವವಳು, ಆದ್ದರಿಂದ ನನಗೆ ತಕ್ಷಣ ಅರ್ಥವಾಯಿತು. ಅಮ್ಮನಿಗೆ ಆಗಲಿಲ್ಲ.

“ಗೋಲು ಹೊಡೀತಾನಾ?” ಎಂದು ವಿಡಿಯೋ ಕಾಲ್‌ನಲ್ಲಿ ಕೇಳಿದಳು.

“ಇಲ್ಲಮ್ಮ. ಬಗ್ಗಿ ಚೆಂಡನ್ನ ಹಿಂದಕ್ಕೆ ಎಸೀತಾನೆ.”

“ಪಾಪ, ಮುಂದೆ ಯಾರೂ ಬಿಡಲ್ವೇನೋ!”

ಹಿಂದಿನ ವರ್ಷ ಅವರ ಆಟಗಳೇ ನಡೆದಿರಲಿಲ್ಲ. ಈ ಸಲ ತಂಡದವರು ಕೆಲವರನ್ನಷ್ಟೇ ವಾಪಸು ಕರೆಯುವವರಿದ್ದರು. ಎಲ್ಲೂ ಕತ್ತರಿಸದ ಒಂದು ವಿಡಿಯೋದಲ್ಲಿ ಸಾಲಾಗಿ ಹತ್ತು ಎಸೆತ ತೋರಿಸು, ಸಂಜೆಯೊಳಗೆ ಕಳಿಸು ಎಂದು ಕೋಚ್ ಹೇಳಿದ್ದರು. ಬೇರೆ ಮನೆಯವರು ಒಳಗೆ ಬರುವಂತಿಲ್ಲ. ರೂಪಾ ಕನ್ನಡಕದ ನೆಪ ಹೇಳಿ ಫೋನ್ ಹಿಡಿದಳು. ಚೆಂಡು ಹಿಡಿಯಲು ಉಳಿದವಳು ನಾನು.

ಹಿತ್ತಲಿನಲ್ಲಿ ನಿಂತೆ. ಪಕ್ಕದಲ್ಲಿ ಬಟ್ಟೆಯ ಬುಟ್ಟಿ. ಬಂದ ಚೆಂಡನ್ನು ಹಿಡಿದು ಬುಟ್ಟಿಗೆ ಹಾಕಬೇಕು, ಅಷ್ಟೇ. ಮೊದಲನೆಯದು ಬಂತು. ಹಿಡಿದೆ. ಮರುಕ್ಷಣ ಅದು ಇನ್ನೂ ಬಗ್ಗಿಯೇ ಇದ್ದ ಡೆಕ್ಲನ್‌ನ ಹಿಂಭಾಗಕ್ಕೆ ಬಡಿದಿತ್ತು.

ನಾನು ಮೈಸೂರಿನ ಹೈಸ್ಕೂಲಿನಲ್ಲಿ ಥ್ರೋಬಾಲ್ ಆಡಿದವಳು. ಅಲ್ಲಿ ಹಿಡಿದ ಚೆಂಡನ್ನು ಇಟ್ಟುಕೊಂಡರೆ ತಪ್ಪು. ಕೈಗೆ ತಾಗಿದ ಕೂಡಲೇ ಬಂದ ಕಡೆಗೆ ಕಳಿಸಬೇಕು. ಪಿ.ಟಿ. ಮೇಡಂ ಸೀಟಿ ಊದಿ ಊದಿ ಮೈಗೆ ಹತ್ತಿಸಿದ ಪಾಠ ಅದು.

“ಗ್ರ್ಯಾಂಡ್, ಗ್ರ್ಯಾಂಡ್! ಮೊದಲಿಂದ,” ಎಂದ ಡೆಕ್ಲನ್, ನೋವಾದ ಕಡೆ ಉಜ್ಜಿಕೊಳ್ಳುತ್ತ. ಇಲ್ಲಿಯವರ ಬಾಯಲ್ಲಿ ಗ್ರ್ಯಾಂಡ್ ಎಂದರೆ ‘ಪರವಾಗಿಲ್ಲ, ಚೆನ್ನಾಗಿದೆ’ ಎಂದಷ್ಟೇ.

ಮೊದಲಿಂದ ಶುರುವಾಯಿತು. ಮತ್ತೆ ಬಡಿಯಿತು. ಒಮ್ಮೆ ಏಳರವರೆಗೆ ಹೋಗಿ ಬಡಿಯಿತು.

“ಏನೇ, ಅವನ ಮೇಲೆ ಹಳೇ ದ್ವೇಷ ಏನಾದ್ರೂ ಇದ್ಯಾ?” ರೂಪಾ ಕೂಗಿದಳು. “ಕೈಗೆ ಬಂದಿದ್ದನ್ನ ಸ್ವಲ್ಪ ಇಟ್ಕೊಳ್ಳೇ! ಯಾರೂ ಕಿತ್ಕೊಳ್ಳಲ್ಲ.”

ಅದು ಚುಚ್ಚಿತು. ನನ್ನದು ಚೆಂಡಿನ ವಿಷಯದಲ್ಲಿ ಮಾತ್ರ ಇರುವ ಗುಣವಲ್ಲ. ಯಾರಾದರೂ ಪಾಯಸ ಕೊಟ್ಟರೆ ಡಬ್ಬಿ ಅಂದೇ ತೊಳೆದು ಮುಟ್ಟಿಸುತ್ತೇನೆ. ‘ಹೇಗಿದ್ದೀರಿ’ ಎಂದವರು ಬಾಯಿ ಮುಚ್ಚುವ ಮೊದಲೇ ‘ಗ್ರ್ಯಾಂಡ್, ನೀವು?’ ಎನ್ನುತ್ತೇನೆ. ಇದನ್ನು ನಾನು ಸಂಕೋಚ ಎಂದುಕೊಂಡಿದ್ದೆ. ಥ್ರೋಬಾಲ್ ಎಂದು ತಿಳಿದಿರಲಿಲ್ಲ.

ಡೆಕ್ಲನ್ ಒದ್ದೆ ಹುಲ್ಲಿನ ಮೇಲೆ ಕೂತ. “ತಂಡದವರು ಬೇಡ ಅಂದ್ರೆ ಬೇರೆ ಕೆಲಸಕ್ಕೆ ಏನಂತ ಅರ್ಜಿ ಹಾಕ್ಲಿ? ಬಗ್ಗಿ ಹಿಂದಕ್ಕೆ ಎಸೀತೀನಿ ಅಂತಾನಾ?” ಎಂದು ನಕ್ಕ. ನಗುವಾಗ ಅವನು ನಮ್ಮ ಕಡೆ ನೋಡಲಿಲ್ಲ.

ಮುಂದಿನ ಸಲ ಪ್ರತಿ ಚೆಂಡನ್ನೂ ಮಗುವಿನ ಹಾಗೆ ಎದೆಗೆ ಅಪ್ಪಿಕೊಂಡು, ಬುಟ್ಟಿಯಲ್ಲಿ ಮಲಗಿಸಿದೆ. ಉಗುರು ಮುರಿದದ್ದು ಒಂಬತ್ತನೆಯದಕ್ಕೆ. ಬಿಡಲಿಲ್ಲ. ಹತ್ತನೆಯದನ್ನು ಬುಟ್ಟಿಗೂ ಹಾಕದೆ ಹಿಡಿದೇ ನಿಂತೆ. ಡೆಕ್ಲನ್ ಕುಣಿಯುತ್ತಿದ್ದ.

ತಂಡದವರು ಕರೆದರು. ಹೊರಡುವ ದಿನ ಡೆಕ್ಲನ್ ಬಾಗಿಲಲ್ಲಿ ನನ್ನ ಮೊಣಕೈಗೆ ಮೊಣಕೈ ತಾಗಿಸಿ, “ನಿನ್ನಿಂದ ಆಯ್ತು,” ಎಂದ. “ಇಲ್ಲ, ನಿನ್ನಿಂದಲೇ,” ಎಂದು ಆ ಮಾತನ್ನೂ ಆಗಲೇ ಹಿಂದಕ್ಕೆ ಎಸೆದುಬಿಟ್ಟಿದ್ದೆ. ಅವನು ಹೋದ ಮೇಲೆ ನೋಡಿದರೆ ಮೆಟ್ಟಿಲ ಮೇಲೆ ಒಂದು ಚೆಂಡು ಬಿಟ್ಟು ಹೋಗಿದ್ದ.

ಮರುದಿನ ಬೆಳಗ್ಗೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಆಫೀಸಿನ ಆನ್‌ಲೈನ್ ಮೀಟಿಂಗಿಗೆ ಕೂತೆ. ಮ್ಯಾನೇಜರ್ ಎಂದಿನಂತೆ ಹೇಗಿದ್ದೀರಿ ಎಂದರು. ನಾನು ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು, ಆ ಪ್ರಶ್ನೆಯನ್ನು ಸ್ವಲ್ಪ ಹೊತ್ತು ನನ್ನ ಹತ್ತಿರವೇ ಇಟ್ಟುಕೊಂಡೆ. ನಿಜಕ್ಕೂ ಹೇಗಿದ್ದೇನೆ ಎಂದು ಯೋಚಿಸಿ, ಹೇಳಲು ಬಾಯಿ ತೆರೆಯುವಷ್ಟರಲ್ಲಿ, ನಾನು ಮ್ಯೂಟ್‌ನಲ್ಲಿದ್ದೇನೆ ಎಂದು ಎಲ್ಲರೂ ಒಟ್ಟಿಗೆ ಹೇಳಿದರು.